ಟೊಪ್ಪಿಗೆ ತೆಗೆಯದ ಗೊರವಯ್ಯ



ನಮ್ಮೂರು ಆಸ್ಪರಿ. ಗುಂತಕಲ್ಲಿನಿಂದ ಆದವಾನಿಗೆ ಹೋಗುವ ರೈಲುಹಳಿಯ ಮಗ್ಗುಲಲ್ಲಿದೆ. ಅಂಗಡಿಗೆ ಹೋದರೆ ತೆಲುಗು, ನಮ್ಮಂಥವರ ಮನೆಯೊಳಗೆ ಕನ್ನಡ. ನಾನು ಸಣ್ಣವನಿದ್ದಾಗ ಅಂಜುತ್ತಿದ್ದುದು ಹಾವಿಗಲ್ಲ, ಮೇಷ್ಟ್ರ ಕೋಲಿಗಲ್ಲ, ಗೊರವಯ್ಯನಿಗೆ.

ಆ ಗೊರವಯ್ಯ ನಮ್ಮ ಓಣಿಯವನೇ. ವಾರವೆಲ್ಲ ಶೇಂಗಾ ಹೊಲದಲ್ಲಿ ದುಡಿಯುವವನು. ಸಂಜೆ ಬರುವಾಗ ನನ್ನ ಕಿಸೆಗೆ ಹಸಿ ಶೇಂಗಾಕಾಯಿ ತುಂಬುವವನು. ಭಾನುವಾರ ಬಂತೆಂದರೆ ಕರಿಕಂಬಳಿಯ ನಿಲುವಂಗಿ, ತಲೆಗೆ ಕರಡಿ ಕೂದಲಿನ ಟೊಪ್ಪಿಗೆ, ಹಣೆ ತುಂಬ ಭಂಡಾರ, ಕೈಯಲ್ಲಿ ಡಮರುಗ. ಮೈಲಾರಲಿಂಗನ ಹೆಸರು ಕೂಗುತ್ತ ಮನೆ ಮನೆಗೆ ಬರುತ್ತಿದ್ದ. ಟೊಪ್ಪಿಗೆಯ ಕೆಳಗಿರುವವನು ಯಾರು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಓಣಿಯ ತಿರುವಿನಲ್ಲಿ ಡಮರುಗ ಕೇಳಿಸಿದರೆ ಸಾಕು, ಅವ್ವನ ಸೆರಗಿನ ಹಿಂದೆ ಸೇರಿಕೊಳ್ಳುತ್ತಿದ್ದೆ.

ಗೊತ್ತಿದ್ದೂ ಅಂಜುವುದು ಹೇಗೆ? ಇವತ್ತಿನ ಮಾತು ಅದರ ಬಗ್ಗೆಯೇ. ಅಂಜಿಸುವುದು ಒಂದು ಕಲೆಯಾದರೆ, ಮನಸ್ಸಿಟ್ಟು ಅಂಜುವುದು ಇನ್ನೊಂದು ಕಲೆ. ಮೊದಲನೆಯದಕ್ಕೆ ಪ್ರಶಸ್ತಿ ಕೊಡುತ್ತೇವೆ. ಎರಡನೆಯದು ಟಿಕೀಟು ಕೊಂಡು ಕತ್ತಲಲ್ಲಿ ಕೂತಿರುತ್ತದೆ, ಯಾರೂ ತಿರುಗಿ ನೋಡುವುದಿಲ್ಲ.

ಈ ಎರಡನೆಯ ಕಲೆಗೆ ದೊಡ್ಡ ಪರೀಕ್ಷೆ ಅಂದರೆ, ಸಿನಿಮಾದವರು ಪ್ರೀಕ್ವೆಲ್ ಅಂತ ಕರೆಯುವ ಚಿತ್ರ. ನಾವು ಪೂರ್ವಕಥೆ ಅನ್ನೋಣ. ಒಂದು ಸಿನಿಮಾ ಬಂದು ಗೆದ್ದ ಮೇಲೆ, ಆ ಕಥೆಗೂ ಹಿಂದೆ ಏನಾಗಿತ್ತು ಅಂತ ಹೇಳುವ ಸಿನಿಮಾ. ಭಯದ ಕಥೆಗೆ ಪೂರ್ವಕಥೆ ಕಟ್ಟುವುದು ಬಲು ಕಷ್ಟ. ಕೂತ ಜನಕ್ಕೆ ಮುಂದಾಗುವುದು ಮೊದಲೇ ಗೊತ್ತು. ಗೊತ್ತಿದ್ದವರನ್ನು ಮತ್ತೆ ಅಂಜಿಸಬೇಕು.

1979ನೇ ಇಸವಿಗೆ ಹೋಗೋಣ. ಆ ವರ್ಷ ಕನ್ನಡದಲ್ಲಿ ‘ನಾ ನಿನ್ನ ಬಿಡಲಾರೆ’ ಬಂತು. ಅನಂತನಾಗ್, ಲಕ್ಷ್ಮಿ ನಟಿಸಿದ್ದು, ವಿಜಯ್ ನಿರ್ದೇಶಿಸಿದ್ದು. ಹೆಣ್ಣುದೆವ್ವ ಗಂಡಸಿನ ಮೈಹೊಕ್ಕು ಕಾಡುವ ಕಥೆ. ಮಂತ್ರಾಲಯದ ರಾಯರ ಮೇಲಿನ ನಂಬಿಕೆಯೇ ಆ ಕಥೆಗೆ ಆಸರೆ. ಆದವಾನಿ ದಾಟಿ, ಕೋಸಿಗಿ ದಾಟಿ, ಇದೇ ಹಳಿಯ ಮೇಲೆ ಹೋದರೆ ಸಿಗುವ ಮಂತ್ರಾಲಯ ಅದು. ನಮ್ಮ ಕಡೆಯ ಹಿರಿಯರಿಗೆ ದೆವ್ವದ ಸಿನಿಮಾ ಅಂದರೆ ಇವತ್ತಿಗೂ ಅದೊಂದೇ. ಹೆಸರೆತ್ತಿದರೆ ಅವ್ವ ದೀಪ ಹಚ್ಚಿದ ಕೋಣೆಗೇ ಬಂದು ಕೂರುತ್ತಾಳೆ.

ಅದೇ 1979ರಲ್ಲಿ ರಿಡ್ಲಿ ಸ್ಕಾಟ್ ಎಂಬ ನಿರ್ದೇಶಕ ‘ಏಲಿಯನ್’ ತೆಗೆದ. ಬಾಹ್ಯಾಕಾಶದ ಹಡಗಿನಲ್ಲಿ ಏಳು ಜನ. ಅವರಲ್ಲೊಬ್ಬ ಊಟಕ್ಕೆ ಕೂತಾಗ ಅವನ ಎದೆ ಸೀಳಿಕೊಂಡು ಒಂದು ಮರಿ ಹೊರಬರುತ್ತದೆ, ಬೆಳೆಯುತ್ತದೆ, ಒಬ್ಬೊಬ್ಬರನ್ನೇ ಮುಗಿಸುತ್ತದೆ. ಆ ಪ್ರಾಣಿಯ ರೂಪ ಬರೆದವನು ಸ್ವಿಟ್ಜರ್ಲೆಂಡಿನ ಕಲಾವಿದ ಗೀಗರ್. ಅದರ ವೇಷದೊಳಗೆ ಇದ್ದವನು ಬೊಲಾಜಿ ಬಡೇಜೊ, ಲಂಡನ್ನಿನಲ್ಲಿ ಓದುತ್ತಿದ್ದ ನೈಜೀರಿಯಾದ ಹುಡುಗ. ಎತ್ತರ ಆರು ಅಡಿ ಹತ್ತು ಇಂಚು. ನಮ್ಮ ಗೊರವಯ್ಯನ ಹಾಗೆ ಅವನೂ ವೇಷ ಕಟ್ಟಿದವನೇ. ಬಹುಪಾಲು ಹೊತ್ತು ಸ್ಕಾಟ್ ಅವನನ್ನು ಬೆಳಕಿಗೆ ಪೂರ್ತಿ ತರಲಿಲ್ಲ. ಒಮ್ಮೆ ಬಾಲ, ಒಮ್ಮೆ ಹಲ್ಲು, ಒಮ್ಮೆ ಹಬೆಯ ನಡುವೆ ತಲೆ, ಅಷ್ಟೇ.

ಆ ಸಿನಿಮಾದಲ್ಲಿ ಇನ್ನೊಂದು ನೋಟ ಇದೆ. ಪಾಳುಬಿದ್ದ ಹಡಗಿನಲ್ಲಿ ಆನೆಯಷ್ಟು ದೊಡ್ಡ ಅಸ್ಥಿಪಂಜರವೊಂದು ಕುರ್ಚಿಯಲ್ಲಿ ಕೂತೇ ಸತ್ತಿದೆ. ಎದೆಯ ಎಲುಬು ಹೊರಕ್ಕೆ ಬಾಗಿವೆ. ಅದು ಯಾರು, ಎಲ್ಲಿಂದ ಬಂತು, ಒಂದು ಮಾತೂ ಇಲ್ಲ. ಜನ 33 ವರ್ಷ ಆ ಪ್ರಶ್ನೆಯನ್ನು ಇಟ್ಟುಕೊಂಡೇ ಬದುಕಿದರು. 2012ರಲ್ಲಿ ಅದೇ ಸ್ಕಾಟ್ ಉತ್ತರ ಹೇಳಲು ಬಂದ. ಆ ಪೂರ್ವಕಥೆಯ ಹೆಸರು ‘ಪ್ರೊಮಿಥಿಯಸ್’.

ನಾನು ಅದನ್ನು ನೋಡಿದ್ದು ಮನೆಯ ಮಾಳಿಗೆಯ ಮೇಲೆ. ಬಳ್ಳಾರಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ನಮ್ಮಕ್ಕನ ಮಗ ಲ್ಯಾಪ್‌ಟಾಪ್ ತಂದಿದ್ದ. ಸೆಕೆಗೆ ಮೇಲೆ ಬಂದು ಮಲಗಿದ್ದ ಅವ್ವ ಎದ್ದು ನಮ್ಮ ನಡುವೆ ಕೂತಳು. ಅವಳಿಗೆ ಇಂಗ್ಲಿಷಿನ ಗಂಧವಿಲ್ಲ. ವಿಜ್ಞಾನದ ಸಿನಿಮಾ ಅಂತ ಅವಳು ಕಂಡದ್ದು 1991ರ ತೆಲುಗಿನ ‘ಆದಿತ್ಯ 369’ ಒಂದೇ, ಬಾಲಕೃಷ್ಣ ಕಾಲದ ಯಂತ್ರ ಹತ್ತಿ ಕೃಷ್ಣದೇವರಾಯನ ಆಸ್ಥಾನಕ್ಕೆ ಹೋಗುವುದು.

‘ಪ್ರೊಮಿಥಿಯಸ್’ನಲ್ಲಿ ಜೀವವಿಜ್ಞಾನಿಯೊಬ್ಬ ಇದ್ದಾನೆ. ಬೇರೆ ಗ್ರಹದ ಗವಿಯಲ್ಲಿ, ಕಪ್ಪು ನೀರಿನೊಳಗಿಂದ ಬಿಳಿ ಹಾವಿನಂಥದೊಂದು ಎದ್ದು ಹೆಡೆ ಬಿಚ್ಚುತ್ತದೆ. ಈ ಪುಣ್ಯಾತ್ಮ ಅದನ್ನು ಮುದ್ದು ಮಾಡುತ್ತ ಕೈ ಚಾಚುತ್ತಾನೆ. ಅವ್ವ ಹಾಸಿಗೆ ಬಿಟ್ಟು ಎದ್ದಳು. “ಏ ಹುಚ್ಚಪ್ಯಾಲಿ, ಕೈ ಹಿಂದಕ್ಕ ತೊಗೊಳ್ಳೋ! ಹೆಡಿ ಬಿಚ್ಚೇತಿ, ಕಾಣಂಗಿಲ್ಲೇನು?” ಅರಳೆ ಬಿಡಿಸುವಾಗ ಸಾಲಿನ ನಡುವೆ ಎಷ್ಟೋ ಹೆಡೆ ಕಂಡವಳು ಅವಳು.

ಮುಂದೆ, ಗಾಲಿಯ ಆಕಾರದ ದೊಡ್ಡ ಹಡಗು ನೆಲಕ್ಕೆ ಬಿದ್ದು ಉರುಳಿ ಬರುತ್ತದೆ. ಅದು ಉರುಳುವ ದಾರಿಯಲ್ಲೇ ಒಬ್ಬಾಕೆ ನೇರಕ್ಕೆ ಓಡುತ್ತಾಳೆ. “ಪಕ್ಕಕ್ಕ ಓಡೇ ತಾಯಿ, ಪಕ್ಕಕ್ಕ!” ಅಂದಳು ಅವ್ವ.

ಇನ್ನೊಂದು ದೃಶ್ಯ. ನೂಮಿ ರಪಾಸ್ ಮಾಡಿದ ಪಾತ್ರ, ಎಲಿಜಬೆತ್ ಶಾ. ಹೊಟ್ಟೆಯಲ್ಲಿ ಮನುಷ್ಯನದಲ್ಲದ ಪಿಂಡ ಬೆಳೆಯುತ್ತಿದೆ ಅಂತ ತಿಳಿದು ಶಸ್ತ್ರಚಿಕಿತ್ಸೆಯ ಯಂತ್ರದ ಬಳಿಗೆ ಓಡುತ್ತಾಳೆ. ಯಂತ್ರವೋ, ನಾನಿರುವುದು ಗಂಡಸರಿಗೆ ಮಾತ್ರ ಅನ್ನುತ್ತದೆ. ಹೇಗೋ ಅದನ್ನು ಒಪ್ಪಿಸಿ ಒಳಗೆ ಮಲಗುತ್ತಾಳೆ. ಗಾಜಿನ ಮುಚ್ಚಳ ಹಾಕಿಕೊಳ್ಳುತ್ತದೆ. ಅವಳಿಗೆ ಎಚ್ಚರವಿದ್ದಂತೆಯೇ ಯಂತ್ರ ಹೊಟ್ಟೆ ಕೊಯ್ದು, ಒದ್ದಾಡುವ ಆ ಪಿಂಡವನ್ನು ಇಕ್ಕಳದಲ್ಲಿ ಎತ್ತಿ, ಕೊಯ್ದ ಜಾಗಕ್ಕೆ ಪಿನ್ನು ಹೊಡೆಯುತ್ತದೆ. ಅಷ್ಟೂ ಹೊತ್ತು ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಒಂದು ಸೊಲ್ಲಿಲ್ಲ. ಶಾ ಎದ್ದು ಓಡಿದ ಮೇಲೆ ಉಸಿರು ಬಿಟ್ಟು ಕೇಳಿದಳು: “ಹೊಟ್ಟಿ ಕೊಯ್ಸಿಕೊಂಡಾಕಿ ಅಷ್ಟು ಲಗೂನ ಓಡ್ತಾಳೇನು? ನಾ ಎಂಟು ದಿನ ಮಗ್ಗಲಾ ಹೊಳ್ಳಲಿಲ್ಲ.”

ಆಮೇಲೆ ಅಳಿಯ ನಗುತ್ತ ಹೇಳಿದ: ಅಜ್ಜಿ ಹೇಳಿದ ಮೂರೂ ಮಾತನ್ನು ಲೋಕದ ಪ್ರೇಕ್ಷಕರೆಲ್ಲ ಹೇಳಿದ್ದಾರಂತೆ. ಹಾವಿಗೆ ಕೈ ಚಾಚಿದ ವಿಜ್ಞಾನಿ, ನೇರ ಓಡಿದ ಹೆಂಗಸು, ಹೊಟ್ಟೆ ಕೊಯ್ಸಿಕೊಂಡು ಓಡಾಡಿದ ನಾಯಕಿ, ಈ ಮೂರನ್ನೂ ಆಡಿಕೊಳ್ಳದ ಊರಿಲ್ಲ. ಹಾಗಂತ ಆ ಯಂತ್ರದ ದೃಶ್ಯಕ್ಕೆ ಕಣ್ಣು ಮುಚ್ಚದವರೂ ಕಡಿಮೆ. ಭಾಷೆ ಗೊತ್ತಿಲ್ಲದ ಮುದುಕಿಗೂ ಊರೂರಿನ ಸಿನಿಮಾ ಹುಚ್ಚರಿಗೂ ಒಂದೇ ಕಡೆ ಸಿಟ್ಟು, ಒಂದೇ ಕಡೆ ಅಂಜಿಕೆ. ಪ್ರೇಕ್ಷಕ ತನ್ನ ಹೊಲ, ತನ್ನ ಹೊಟ್ಟೆ, ತನ್ನ ಹಾವು ಎಲ್ಲವನ್ನೂ ಜೊತೆಗೆ ಕರೆದುಕೊಂಡೇ ಸಿನಿಮಾಕ್ಕೆ ಬರುತ್ತಾನೆ.

ಆದರೆ ಪೂರ್ವಕಥೆ ಕೊಟ್ಟ ಉತ್ತರಕ್ಕೆ ಜನ ಹೇಗೆ ನಡೆದುಕೊಂಡರು? ಕುರ್ಚಿಯ ಮೇಲಿದ್ದದ್ದು ಅಸ್ಥಿಪಂಜರವೇ ಅಲ್ಲ, ಉಡುಪು ಅಂತ ‘ಪ್ರೊಮಿಥಿಯಸ್’ ಹೇಳಿತು. ಅಂಥದೊಂದು ತಲೆಯನ್ನು ಪ್ರಯೋಗಾಲಯದ ಮೇಜಿನ ಮೇಲಿಟ್ಟು ಹೊರಚಿಪ್ಪು ಬಿಚ್ಚುತ್ತಾರೆ. ಒಳಗೆ ಬಿಳಿಚಿದ ಮುಖ, ಹೆಚ್ಚು ಕಡಿಮೆ ನಮ್ಮ ನಿಮ್ಮ ಹಾಗೆ. 33 ವರ್ಷ ಕಾದವರಲ್ಲಿ ಬಹಳ ಜನಕ್ಕೆ ಆ ಕ್ಷಣ ಏನೋ ಕಳೆದುಹೋದಂತಾಯಿತು. ಸಿನಿಮಾ ಮೆಚ್ಚಿದವರೂ ಇದ್ದರು, ಗೊಣಗಿದವರೂ ಇದ್ದರು. ಗೊಣಗಿದವರ ದೂರಿನ ಹುರುಳು ಇಷ್ಟೇ: ಯಾಕಪ್ಪಾ ಟೊಪ್ಪಿಗೆ ತೆಗೆಸಿದಿರಿ?

ನನಗೆ ಗೊರವಯ್ಯನ ನೆನಪಾಯಿತು. ಒಳಗಿರುವವನು ಗೊತ್ತಿದ್ದೂ ಅಂಜಿಕೆ ಉಳಿದಿತ್ತು. ಯಾಕೆಂದರೆ ಅವನು ಬೀದಿಯಲ್ಲಿ, ನಮ್ಮೆದುರಿಗೆ, ಒಮ್ಮೆಯೂ ಟೊಪ್ಪಿಗೆ ತೆಗೆದವನಲ್ಲ. ನೀರು ಕುಡಿಯುವಾಗಲೂ ಇಲ್ಲ.

ಪೂರ್ವಕಥೆ ಹೇಳಿದರೆ ಅಂಜಿಕೆ ಸಾಯಲೇಬೇಕು ಅಂತೇನಿಲ್ಲ. ನಮ್ಮ ಬಯಲಾಟ ನೋಡಿ. ನಡುರಾತ್ರಿ ರಾಕ್ಷಸನ ವೇಷ ರಂಗಕ್ಕೆ ಬರುತ್ತದೆ. ಮೊದಲು ಪರದೆಯ ಹಿಂದಿನಿಂದ ಅಬ್ಬರ. ಮದ್ದಳೆ ಏರುತ್ತದೆ. ಪರದೆಯ ಮೇಲಂಚಿನಲ್ಲಿ ಕಿರೀಟದ ತುದಿ ಕಾಣಿಸುತ್ತದೆ. ತೂಕಡಿಸುತ್ತಿದ್ದ ಮಕ್ಕಳು ಎದ್ದು ಕೂರುತ್ತಾರೆ. ಸಾರಥಿ ಬಂದು, ನೀನು ಯಾರು, ಯಾರ ಮಗ, ಯಾವ ಊರು ಅಂತ ವಿಚಾರಿಸುತ್ತಾನೆ. ರಾಕ್ಷಸ ತನ್ನ ಹುಟ್ಟು, ತಪಸ್ಸು, ವರ ಎಲ್ಲ ಹೇಳಿಕೊಳ್ಳುತ್ತಾನೆ. ಅಲ್ಲಿಗೆ ಪೂರ್ವಕಥೆ ಪೂರ್ತಿ ಆಯಿತು. ಬೆಳಗಾಗುವುದರೊಳಗೆ ಅವನು ಸಾಯುವುದೂ ಊರಿಗೆಲ್ಲ ಗೊತ್ತು. ಆದರೂ ಅವನು ಕಾಲು ಅಪ್ಪಳಿಸಿದಾಗ ಮುಂದಿನ ಸಾಲು ಹಿಂದಕ್ಕೆ ಸರಿಯುತ್ತದೆ. ಅವನು ಎಲ್ಲ ಹೇಳಿಕೊಂಡದ್ದು ಕಿರೀಟ ಹೊತ್ತುಕೊಂಡೇ ತಾನೆ?

ಈಗ ನಮ್ಮ ಕಾಲದ ಪೂರ್ವಕಥೆಗೆ ಬರುತ್ತೇನೆ. 2022ರ ಸೆಪ್ಟೆಂಬರ್ 30ಕ್ಕೆ ರಿಷಬ್ ಶೆಟ್ಟಿಯವರ ‘ಕಾಂತಾರ’ ಕನ್ನಡದಲ್ಲಿ ಬಂತು. ಅಕ್ಟೋಬರ್ 15ಕ್ಕೆ ತೆಲುಗಿಗೆ ಬಂತು. ಅದರಲ್ಲಿ ತುಳುನಾಡಿನ ದೈವದ ಕೋಲ ಕಟ್ಟಿದವನು ಕಾಡಿನೊಳಗೆ ಓಡಿ ಮಾಯವಾಗುತ್ತಾನೆ. ಹೋದದ್ದೆಲ್ಲಿಗೆ? ಅದರ ಬೇರು ಹುಡುಕಿಕೊಂಡು ಕದಂಬರ ಕಾಲಕ್ಕೆ ಹೋದ ಸಿನಿಮಾ ‘ಕಾಂತಾರ ಅಧ್ಯಾಯ 1’. ತೆರೆಗೆ ಬಂದದ್ದು 2025ರ ಅಕ್ಟೋಬರ್ 2, ವಿಜಯದಶಮಿಯ ದಿನ.

ವಿಜಯದಶಮಿಯ ರಾತ್ರಿ ನಮ್ಮ ಸೀಮೆಗೆ ಬೇರೆಯೇ ಲೆಕ್ಕ. ಹೊಳಗುಂದ ಮಂಡಲದ ದೇವರಗಟ್ಟಿನಲ್ಲಿ ಮಾಳ ಮಲ್ಲೇಶ್ವರನ ಬನ್ನಿ ಉತ್ಸವ. ನಡುರಾತ್ರಿ ಕಲ್ಯಾಣ ಮುಗಿದು ದೇವರು ಬೆಟ್ಟ ಇಳಿದರೆ, ಊರೂರಿನವರು ದೀವಟಿಗೆ, ಬಡಿಗೆ ಹಿಡಿದು ಮುಗಿಬೀಳುತ್ತಾರೆ. ಪೊಲೀಸರಿದ್ದರೂ ತಲೆ ಒಡೆಯುವುದು ತಪ್ಪುವುದಿಲ್ಲ, ಅದನ್ನು ಹೊಗಳಲಾರೆ. ಆ ರಾತ್ರಿಯ ಹಿಂದೆ ಮಣಿ, ಮಲ್ಲಾಸುರರೆಂಬ ರಾಕ್ಷಸರ ಪೂರ್ವಕಥೆ ಇದೆ. ಸತ್ತ ರಾಕ್ಷಸರಿಗೆ ಇವತ್ತಿಗೂ ಗೊರವಯ್ಯನೊಬ್ಬ ತೊಡೆಯ ರಕ್ತ ಅರ್ಪಿಸುತ್ತಾನೆ. ಆ ಗುರುವಾರ ನಮ್ಮ ಓಣಿಯ ಗಂಡಸರು ಕೆಲವರು ದೇವರಗಟ್ಟಿಗೆ ಹೋದರು. ಹುಡುಗರು ಆದವಾನಿಯ ಥಿಯೇಟರಿಗೆ ಹೋದರು. ನಾನು, ಅವ್ವ ಮುಂದಿನ ವಾರ ಸಿನಿಮಾಕ್ಕೆ ಹೋದೆವು.

1953ರಲ್ಲಿ ಆಂಧ್ರ ರಾಜ್ಯ ಆಗುವ ತನಕ ಆದವಾನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯವು. ಹಾಗಾಗಿ ಆದವಾನಿಯ ಆ ಥಿಯೇಟರಿನಲ್ಲಿ ತೆರೆ ತೆಲುಗು ಮಾತಾಡುತ್ತದೆ, ಪಕ್ಕದ ಕುರ್ಚಿ ಕನ್ನಡದಲ್ಲಿ ಪಿಸುಗುಡುತ್ತದೆ. ಪೇಟೆಯ ನಡುವೆ ರಥ ಹುಚ್ಚೆದ್ದು ಓಡಿದಾಗ ಸಿಳ್ಳೆಯೋ ಸಿಳ್ಳೆ. ನಾಯಕನಿಗೆ ಗುಳಿಗ ದೈವ ಮೈದುಂಬಿದಾಗ ಸಿಳ್ಳೆ ನಿಂತಿತು. ರಿಷಬ್ ಕೂಗಿದ ಆ ಕೂಗು ಇಡೀ ಸಭೆಯನ್ನು ಹಿಡಿದು ಕೂರಿಸಿತು. ಕೂಗಿಗೆ ಡಬ್ಬಿಂಗ್ ಬೇಕಿಲ್ಲ ನೋಡಿ. ಅವ್ವ ಕೈ ಮುಗಿದಿದ್ದಳು. ಮುಂದಿನ ಸಾಲಿನ ಮಗು ಅಪ್ಪನ ಎದೆಗೆ ಮುಖ ಒತ್ತಿ, ಒಂದೇ ಕಣ್ಣಲ್ಲಿ ತೆರೆ ನೋಡುತ್ತಿತ್ತು.

ತೆಲುಗಿನವರು ಇದಕ್ಕೆ ಪೂನಕಂ ಅನ್ನುತ್ತಾರೆ. ಜಾತ್ರೆಯಲ್ಲಿ ದೇವರು ಮೈಮೇಲೆ ಬರುವುದೂ ಪೂನಕಂ, ಮೆಚ್ಚಿನ ನಾಯಕ ತೆರೆಗೆ ಬಂದಾಗ ಅಭಿಮಾನಿ ಕುಣಿಯುವುದೂ ಪೂನಕಂ. ಒಂದೇ ಮಾತು ಎರಡು ಕಡೆ ದುಡಿಯುತ್ತದೆ, ತೊಡಕು ಅಲ್ಲೇ ಇದೆ. ಈ ಸಿನಿಮಾ ಬಂದಾಗ ಅಲ್ಲಲ್ಲಿ ಕೆಲವರು ದೈವದ ವೇಷ ಕಟ್ಟಿ ಥಿಯೇಟರಿಗೆ ಬಂದರು, ಮೈಮೇಲೆ ಬಂದವರಂತೆ ಆಡಿದರು. ದೈವವನ್ನು ಅನುಕರಿಸಬೇಡಿ, ಅದು ತುಳುನಾಡಿನವರ ನಂಬಿಕೆ ಅಂತ ಸಿನಿಮಾ ತೆಗೆದವರೇ ಕೈಮುಗಿದು ಕೇಳಿಕೊಳ್ಳಬೇಕಾಯಿತು.

ನಮ್ಮ ಆಟದಲ್ಲೂ ಒಬ್ಬ ಹುಡುಗ ಎದ್ದು ನಿಂತು ನಡುಗತೊಡಗಿದ. ಗೆಳೆಯ ಫೋನು ಹಿಡಿದು ಚಿತ್ರ ತೆಗೆಯುತ್ತಿದ್ದ. ಹಿಂದಿನ ಸಾಲಿನಿಂದ ಮುದುಕನೊಬ್ಬನ ದನಿ ಬಂತು: “ಕುಂದ್ರೋ ತಮ್ಮಾ, ದೇವ್ರು ಟಿಕೀಟು ತೊಗೊಂಡು ಬರಂಗಿಲ್ಲ.” ಥಿಯೇಟರು ನಕ್ಕಿತು. ಹುಡುಗನೂ ನಕ್ಕು ಕೂತ. ಮರುಕ್ಷಣ ತೆರೆಯ ಮೇಲೆ ಮತ್ತೆ ಕೂಗು. ನಕ್ಕವರೆಲ್ಲ ಮತ್ತೆ ಅಂಜಿದರು. ಇಂಥ ಪ್ರೇಕ್ಷಕರಿಗೆ ನಾನು ತಲೆಬಾಗುತ್ತೇನೆ. ಅವರಿಗೆ ದೇವರ ಜಾಗ ಗೊತ್ತು, ಆಟದ ಜಾಗವೂ ಗೊತ್ತು. ಆಟಕ್ಕೆ ಕೂತ ಮೇಲೆ ತಮ್ಮ ಪಾಲಿನ ಅಂಜಿಕೆಯನ್ನು ಕಡಿಮೆ ಮಾಡದೆ ಸಲ್ಲಿಸುತ್ತಾರೆ.

ಬರುವಾಗ ಅವ್ವನನ್ನು ಕೇಳಿದೆ, ಮೊದಲನೇದು ಛಲೋ ಇತ್ತೋ ಇದೋ ಅಂತ. “ಇದರಾಗ ಎಲ್ಲಾ ಹೇಳ್ಯಾರ” ಅಂದಳು. ಸ್ವಲ್ಪ ತಡೆದು, “ಆದ್ರೂ ಆ ಕೂಗು ಎಲ್ಲಿಂದ ಬರ್ತೈತಿ ಅಂತ ಹೇಳಿಲ್ಲ ಬಿಡು” ಅಂದಳು. ಅವಳ ದನಿಯಲ್ಲಿ ದೂರಿರಲಿಲ್ಲ.

ನಾನು ಏಳೆಂಟು ವರ್ಷದವನಿದ್ದಾಗ, ಒಂದು ಮಧ್ಯಾಹ್ನ ಅವ್ವ ಏನೋ ಕೊಟ್ಟು ಬಾ ಅಂತ ಗೊರವಯ್ಯನ ಮನೆಗೆ ಕಳಿಸಿದಳು. ಬಾಗಿಲು ತೆರೆದಿತ್ತು, ಮನೆಯವರೆಲ್ಲ ಹೊಲಕ್ಕೆ ಹೋಗಿದ್ದರು. ಒಳಗಿನ ಮಬ್ಬಿನಲ್ಲಿ ಗೋಡೆಯ ಗೂಟಕ್ಕೆ ಆ ಕರಡಿ ಟೊಪ್ಪಿಗೆ ನೇತುಬಿದ್ದಿತ್ತು. ಅದರ ಕೆಳಗೆ ಯಾರೂ ಇಲ್ಲ ಅಂತ ಕಣ್ಣಾರೆ ಕಾಣುತ್ತಿತ್ತು. ಕೈಯಲ್ಲಿದ್ದುದನ್ನು ಹೊಸ್ತಿಲ ಮೇಲಿಟ್ಟು, ಹಿಂದೆ ತಿರುಗಿ ನೋಡದೆ ಓಡಿಬಂದೆ.