ಕೋಟೆಯನ್ನು ಕೋಟಿ ಎಂದು ಓದುವ ಮಗು



ಇವತ್ತಿನ ವಿಷಯವನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ, ಅದು ಈ ಊರಿನ ಹೆಸರಿನಲ್ಲೇ ಇದೆ. ಮಿಶ್ರಿಕೋಟಿಯ 'ಕೋಟಿ' ನೂರು ಲಕ್ಷದ ಕೋಟಿಯಲ್ಲ, ಕೋಟೆಯೇ ಇರಬೇಕು. ಈ ಧಾರವಾಡ ಸೀಮೆಯ ಬಾಯಲ್ಲಿ ಮನೆ ಮನಿಯಾಗುತ್ತದೆ, ತಲೆ ತಲಿಯಾಗುತ್ತದೆ, ಕುದುರೆ ಕುದುರಿಯಾಗುತ್ತದೆ. ಕೋಟೆಯೊಂದು ಕೋಟಿಯಾಗದೆ ಉಳಿಯಲು ಕಾರಣವಿಲ್ಲ. ಶಾಸನಗಳ ಅಣ್ಣಿಗೆರೆ ಇಂದು ಅಣ್ಣಿಗೇರಿಯಾಗಿ ನಿಂತದ್ದೂ ಇದೇ ದಾರಿಯಲ್ಲಿ. ಊರಿನ ಫಲಕದ ಮೇಲೆ 'ಕೋಟಿ' ಎಂದಿದ್ದರೆ ಯಾರೂ ತಿದ್ದುವುದಿಲ್ಲ. ಅದೇ ಊರಿನ ಮೂರನೆಯ ಇಯತ್ತೆಯ ಹುಡುಗಿ ಶುದ್ಧಲೇಖನದಲ್ಲಿ 'ಕಿತ್ತೂರ ಕೋಟಿ' ಎಂದು ಬರೆದರೆ ಮಾತ್ರ ಕೆಂಪು ಗೆರೆ ಬೀಳುತ್ತದೆ. ಭಾಷೆಯನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗೆ ಸಿಗಬಹುದಾದ ಅತ್ಯುತ್ತಮ ಸಾಕ್ಷ್ಯದ ಮೇಲೆಯೇ ಆ ಗೆರೆ ಬೀಳುತ್ತಿದೆ ಎಂಬುದು ನನ್ನ ವಾದ. ಕನ್ನಡ ಮಾತಾಡುವವರ ತಲೆಯೊಳಗೆ ಕನ್ನಡ ಹೇಗೆ ಕೆಲಸ ಮಾಡುತ್ತದೆ ಎಂಬ ಸಂಶೋಧನೆ ಆ ಗೆರೆಯ ಕೆಳಗಿನಿಂದ ಶುರುವಾಗಬೇಕು. ಅದನ್ನು ಮಾಡಲು ಕಲಘಟಗಿ, ಕುಂದಗೋಳ, ನವಲಗುಂದದ ಕಾಲೇಜು ವಿದ್ಯಾರ್ಥಿಗಿರುವ ಅನುಕೂಲ ದೊಡ್ಡ ಶಹರದ ಸಂಶೋಧಕನಿಗೆ ಇಲ್ಲ.

ಮೊದಲು ಸಾಕ್ಷ್ಯವನ್ನು ನೋಡೋಣ. ಧಾರವಾಡದ ಕನ್ನಡದಲ್ಲಿ ಕೊನೆಯ 'ಎ' ಸುಮ್ಮನೆ 'ಇ' ಆಗುತ್ತದೆ ಎಂದರೆ ಅರ್ಧ ಮಾತು ಹೇಳಿದಂತೆ. ಮನೆ ಮನಿಯಾಗುತ್ತದೆ ನಿಜ, ಆದರೆ ಮುಂದೆ 'ಮುಂದಿ' ಆಗುವುದಿಲ್ಲ, 'ಮುಂದ' ಆಗುತ್ತದೆ. ಹಿಂದೆ ಹಿಂದ, ಒಳಗೆ ಒಳಗ, ಮೇಲೆ ಮ್ಯಾಲ, ನನಗೆ ನನಗ, ಬಂದರೆ ಬಂದ್ರ. 'ಮನೆಯ ಮುಂದೆ ತೆನೆ' ಎಂಬುದು 'ಮನಿ ಮುಂದ ತೆನಿ' ಆದಾಗ ಬರಹದ ಒಂದೇ 'ಎ' ಎರಡು ಬೇರೆ ದಾರಿ ಹಿಡಿದಿರುತ್ತದೆ. ಯಾವ ಪದ ಯಾವ ದಾರಿ ಹಿಡಿಯಬೇಕೆಂದು ಯಾವ ಅವ್ವನೂ ಮಗುವಿಗೆ ಹೇಳಿಕೊಟ್ಟಿಲ್ಲ. ಹಾಗಿದ್ದೂ ಯಾವ ಮಗುವೂ 'ಮನ ಮುಂದಿ ತೆನ' ಎನ್ನುವುದಿಲ್ಲ. ಇದರ ಹಿಂದಿನ ಲೆಕ್ಕ ಹೀಗೆ ಕಾಣುತ್ತದೆ: 'ಎ' ಪದದ ಮೈಗೇ ಸೇರಿದ್ದರೆ 'ಇ' ಆಗುತ್ತದೆ, ಮೇಲೆ ಹಚ್ಚಿದ ಪ್ರತ್ಯಯದ್ದಾದರೆ 'ಅ' ಆಗುತ್ತದೆ. ಮನೆಗೆ 'ಮನೆಯ' ಎಂಬ ರೂಪವುಂಟು, ಅಲ್ಲಿ 'ಎ' ಕಳಚುವುದಿಲ್ಲ. ಹಿಂದೆಗೆ 'ಹಿಂದಿನ' ಎಂಬ ರೂಪ, ಅಲ್ಲಿ ಕಳಚಿಹೋಗುತ್ತದೆ. ನಿನ್ನೆ ಕಾಲವನ್ನು ಹೇಳುವ ಅವ್ಯಯದಂತೆ ಕಂಡರೂ 'ನಿನ್ನೆಯ' ಎಂದು ಮೈಯುಳಿಸಿಕೊಳ್ಳುವ ಪದ, ಅದಕ್ಕೇ ಅದು 'ನಿನ್ನ' ಆಗದೆ 'ನಿನ್ನಿ' ಆಗಿದೆ. ವ್ಯಾಕರಣ ಪುಸ್ತಕ ತೆರೆಯದ ಮಗುವಿನ ತಲೆಯಲ್ಲಿ ಪ್ರಕೃತಿ ಮತ್ತು ಪ್ರತ್ಯಯ ಆಗಲೇ ಬೇರೆ ಬೇರೆ ಕೋಣೆಯಲ್ಲಿ ಕೂತಿವೆ. ನಿಯಮ ಅಲ್ಲಲ್ಲಿ ಸೋರುತ್ತದೆ. 'ನಾಳಿನ' ಎಂಬ ರೂಪವಿದ್ದರೂ ನಾಳೆ 'ನಾಳಿ'ಯೇ ಆಗಿದೆ. 'ಅವ ಮಾಡ್ತಾನ' ಸರಿಯಾಗಿ 'ಅ' ಹಿಡಿದರೆ 'ನಾ ಮಾಡ್ತೇನಿ' ಹಟ ಹಿಡಿದು 'ಇ' ಹಿಡಿಯುತ್ತದೆ. ಎಲ್ಲವೂ ಒಪ್ಪವಾಗಿದ್ದರೆ ಸಂಶೋಧನೆಗೆ ಉಳಿಯುವುದಾದರೂ ಏನು?

ಈಗ ಈ ಮಗುವನ್ನು ಸಾಲಿಯ ಬಾಕಿನ ಮೇಲೆ ಕೂಡಿಸಿ. ಅದರ ಬಾಯಲ್ಲಿ ಮನಿ, ಗಾಡಿ, ಹುಲಿ, ಎಲಿ ಎಲ್ಲವುಗಳ ಕೊನೆ ಒಂದೇ. ಪುಸ್ತಕ ಮಾತ್ರ ಮನೆ ಮತ್ತು ಎಲೆಗೆ ಒಂದು ಗುಣಿತ, ಗಾಡಿ ಮತ್ತು ಹುಲಿಗೆ ಇನ್ನೊಂದು ಗುಣಿತ ಕೇಳುತ್ತದೆ. ಬಲೆ-ಬಲಿ, ಕಲೆ-ಕಲಿ, ಕೋಟೆ-ಕೋಟಿ ಎಂಬ ಜೋಡಿಗಳಲ್ಲಿ ಕಿವಿಯ ನೆರವು ಪೂರ್ತಿ ಕೈಕೊಡುತ್ತದೆ. ಮೈಸೂರಿನ ಮಗು ಮನೆಯನ್ನು ಮನೆ ಎಂದೇ ಅನ್ನುತ್ತದೆ, ಕೇಳಿದ್ದನ್ನು ಹಾಗೆಯೇ ಬರೆದರೆ ಆಯಿತು. (ಅಲ್ಲಿಯೂ ಬರೆ, ನಡೆ ಎಂಬ ಕ್ರಿಯಾಪದಗಳು ಮಾತಿನಲ್ಲಿ ಬರಿ, ನಡಿ ಆಗುವುದುಂಟು. ಯಾವ ಸೀಮೆಯೂ ಪೂರ್ತಿ ಪುಸ್ತಕದಂತೆ ಮಾತಾಡುವುದಿಲ್ಲ.) ಮಿಶ್ರಿಕೋಟಿಯ ಮಗು ನಾಮಪದಗಳನ್ನು ಒಂದೊಂದಾಗಿ ನೆನಪಿಡಬೇಕು. ಇಬ್ಬರಿಗೂ ಒಂದೇ ಶುದ್ಧಲೇಖನ, ಒಂದೇ ಅಂಕ. ಒಬ್ಬರು ಒಂದು ಕೆಲಸ ಮಾಡುತ್ತಿದ್ದಾರೆ, ಇನ್ನೊಬ್ಬರು ಎರಡು.

ಇಂಥ ನೆನಪಿನ ಹೊರೆ ಕನ್ನಡಕ್ಕೆ ಹೊಸದಲ್ಲ. ಹದಿಮೂರನೆಯ ಶತಮಾನದ ನಡುವೆ ಕೇಶಿರಾಜ 'ಶಬ್ದಮಣಿದರ್ಪಣ' ಬರೆಯುವ ಹೊತ್ತಿಗೆ ೞಕಾರದ ಉಲಿ ಆಡುಮಾತಿನಿಂದ ಜಾರಿತ್ತು. ಕಾವ್ಯದಲ್ಲಿ ಅದು ಎಲ್ಲಿ ಬರಬೇಕೆಂದು ತಿಳಿಸಲು ಆತ ೞಕಾರವಿರುವ ಪದಗಳನ್ನು ಪಟ್ಟಿ ಮಾಡಬೇಕಾಯಿತು. ಕಿವಿಗೆ ಕೇಳುವುದಕ್ಕೆ ಯಾರೂ ಪಟ್ಟಿ ಮಾಡುವುದಿಲ್ಲ, ಕೇಳದೆ ಹೋದದ್ದಕ್ಕಷ್ಟೇ ಪಟ್ಟಿ ಬೇಕು. ಇದೇ ಕಥೆ ದೂರದ ಚೆಕ್ ದೇಶದಲ್ಲೂ ನಡೆಯುತ್ತಿದೆ. ಚೆಕ್ ಬರಹದಲ್ಲಿ 'ಇ'ಕಾರಕ್ಕೆ ಎರಡು ಅಕ್ಷರಗಳಿವೆ, ಇಂದಿನ ಉಚ್ಚಾರದಲ್ಲಿ ಅವು ಒಂದೇ. 'ಇರು' ಎಂಬರ್ಥದ 'ಬೀತ್', 'ಹೊಡೆ' ಎಂಬರ್ಥದ 'ಬೀತ್' ಕಿವಿಗೆ ಒಂದೇ ತೆರ, ಕಾಗದದ ಮೇಲೆ ಬೇರೆ. ಹೀಗಾಗಿ ಅಲ್ಲಿಯ ಪ್ರಾಥಮಿಕ ಶಾಲೆಯ ಮಕ್ಕಳು 'ಪಟ್ಟಿಯ ಪದಗಳು' ಎಂಬ ಹೆಸರಿನ ಸಾಲುಗಳನ್ನೇ ಬಾಯಿಪಾಠ ಮಾಡುತ್ತಾರೆ. ಅಲ್ಲಿಯ ಗ್ರಾಂಥಿಕ ಭಾಷೆಗೂ ಬೀದಿಯ ಮಾತಿಗೂ ನಡುವೆ ದೊಡ್ಡ ಅಂತರವಿದೆ. 1809ರಲ್ಲಿ ಯೋಸೆಫ್ ದೊಬ್ರೊವ್ಸ್ಕಿ ವ್ಯಾಕರಣ ಬರೆದಾಗ ಮಾದರಿಯಾಗಿ ಹಿಡಿದದ್ದು ತನ್ನ ಕಾಲದ ಮಾತನ್ನಲ್ಲ, ಹದಿನಾರನೆಯ ಶತಮಾನದ ಸಾಹಿತ್ಯದ ಭಾಷೆಯನ್ನು. ಕಿಟಕಿಗೆ ಪುಸ್ತಕದಲ್ಲಿ 'ಒಕ್ನೊ', ಬೊಹೆಮಿಯಾದ ಮನೆಮಾತಿನಲ್ಲಿ 'ವೊಕ್ನೊ'. ಆದರೆ ಅಲ್ಲಿ ಈ ಅಂತರ ನಾಚಿಕೆಯ ಸಂಗತಿಯಾಗಿ ಮುಚ್ಚಿಹೋಗದೆ ಅಭ್ಯಾಸದ ವಿಷಯವಾಯಿತು. ನಾವು ಕಲಿಯಬೇಕಾದದ್ದು ಅದನ್ನು.

ಕನ್ನಡದಲ್ಲಿ ಏನೂ ಆಗಿಲ್ಲ ಎಂದಲ್ಲ. 2003ರಲ್ಲಿ ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್ ಮತ್ತು ಲೀಲಾ ಗ್ಲೈಟ್‌ಮನ್ ಪ್ರಕಟಿಸಿದ ಅಧ್ಯಯನ ಜಗತ್ತಿನ ಭಾಷಾವಿಜ್ಞಾನಿಗಳು ಮತ್ತೆ ಮತ್ತೆ ಎತ್ತಿಕೊಳ್ಳುವಂಥದ್ದು. ಮೂರು ವರ್ಷದ ಕನ್ನಡ ಮಕ್ಕಳ ಕೈಗೆ ಆಟಿಕೆ ಪ್ರಾಣಿಗಳನ್ನು ಕೊಟ್ಟು, ವಾಕ್ಯ ಹೇಳಿ, ಅದನ್ನು ಆಡಿ ತೋರಿಸಿರೆಂದು ಕೇಳಿದರು. ಏರು ಎಂಬುದಕ್ಕೆ 'ಇಸು' ಹಚ್ಚಿದರೆ ಏರಿಸು. ಒಬ್ಬರು ಮಾಡುವಂತೆ ಮತ್ತೊಬ್ಬರು ಮಾಡಿಸುತ್ತಾರೆ ಎಂಬುದಕ್ಕೆ ಇಷ್ಟು ನಂಬಿಗಸ್ತ ಗುರುತು ಬಹಳ ಭಾಷೆಗಳಲ್ಲಿ ಇಲ್ಲ. ಹಾಗಿದ್ದೂ ಮಕ್ಕಳು ಆ 'ಇಸು'ವನ್ನು ಆಧಾರ ಮಾಡಿಕೊಳ್ಳದೆ, ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಎಂಬುದರ ಮೇಲೆ ಅರ್ಥ ಕಟ್ಟಿಕೊಂಡರು. ದೊಡ್ಡವರು ಮಾತ್ರ ಎರಡನ್ನೂ ಲೆಕ್ಕಕ್ಕೆ ಹಿಡಿದರು. ಓದಿನ ಕಡೆಯಿಂದ ಸೊನಾಲಿ ನಾಗ್ ಅವರ 2007ರ ಅಧ್ಯಯನ ಮುಖ್ಯವಾದದ್ದು. ಗುಣಿತ, ಒತ್ತಕ್ಷರ ಸೇರಿ ಕನ್ನಡದ ಅಕ್ಷರಗಳ ಸಂಖ್ಯೆ ದೊಡ್ಡದು, ಅವುಗಳ ಕಲಿಕೆ ಒಂದೆರಡು ವರ್ಷಕ್ಕೆ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ಎಳೆಯುತ್ತದೆ, ಅಕ್ಷರವನ್ನು ವ್ಯಂಜನ-ಸ್ವರಗಳಾಗಿ ಬಿಡಿಸುವ ಅರಿವು ಇನ್ನೂ ನಿಧಾನವಾಗಿ ಮೂಡುತ್ತದೆ ಎಂದು ಅದು ತೋರಿಸಿತು. ಇವೆರಡನ್ನೂ ಧಾರವಾಡದ ಕೊನೆಯ 'ಎ' ಪಕ್ಕದಲ್ಲಿಟ್ಟು ನೋಡಿ. ಗುಣಿತದ ಚಿಹ್ನೆಯನ್ನು ಬಿಡಿಸಿ ನೋಡುವ ಶಕ್ತಿಯೇ ತಡವಾಗಿ ಬರುವಾಗ, ಮಾತಿನಲ್ಲಿಲ್ಲದ ಗುಣಿತವನ್ನು ನೆನಪಿನಿಂದ ಹಾಕಬೇಕಾದ ಮಗುವಿನ ಸ್ಥಿತಿ ಏನು? ಈ ಪ್ರಶ್ನೆ ಪುಸ್ತಕದ ಕನ್ನಡವನ್ನು ಮಾತ್ರ ಅಳತೆಗೋಲಾಗಿ ಹಿಡಿದವನಿಗೆ ಹೊಳೆಯುವುದೇ ಇಲ್ಲ.

ಓದುವುದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮಗು 'ಕೋಟೆ' ಎಂದು ಅಚ್ಚಾದದ್ದನ್ನು ನೋಡಿ 'ಕೋಟಿ' ಎಂದು ಓದಿತು ಎನ್ನೋಣ. ತಪ್ಪು ಎನ್ನುತ್ತೇವೆ. ಆದರೆ ಕಣ್ಣಿಗೆ ಬಿದ್ದ ಅಕ್ಷರಗಳನ್ನು ಬರೀ ಜೋಡಿಸಿದ್ದರೆ ಆ ಮಗು 'ಕೋಟೆ' ಎಂದೇ ಅನ್ನಬೇಕಿತ್ತು. ಅದು ಪದವನ್ನು ಗುರುತು ಹಿಡಿದು, ತನ್ನ ಮಾತಿನಲ್ಲಿ ಅದಕ್ಕಿರುವ ರೂಪವನ್ನು ಹುಡುಕಿ ತಂದು ಕೊಟ್ಟಿದೆ. ಎಂದರೆ ಅರ್ಥ ಮುಟ್ಟಿದೆ. ಅಚ್ಚಿನಂತೆ 'ಕೋಟೆ' ಎಂದ ಮಗುವಿಗೆ ಅರ್ಥವಾಗಿದೆಯೋ ಬರೀ ಅಕ್ಷರ ಕೂಡಿಸಿತೋ ಎಂಬುದನ್ನು ಬೇರೆ ರೀತಿಯಲ್ಲಿ ಕೇಳಿ ತಿಳಿಯಬೇಕು. ತಪ್ಪು ಓದಿದವರ ಬಗೆಗೆ ನಮಗೆ ಹೆಚ್ಚು ಗೊತ್ತಾಗುವ ಅಪರೂಪದ ಸಂದರ್ಭ ಇದು.

ಇಲ್ಲಿಗೆ ಮೊದಲ ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ತಪ್ಪನ್ನು ಸಾಕ್ಷ್ಯವೆಂದು ಮುದ್ದು ಮಾಡುತ್ತ ಹೋದರೆ ಮಗು ಪರೀಕ್ಷೆಯಲ್ಲಿ ಬೀಳುತ್ತದೆ, ಆಗ ಬೆಂಗಳೂರಿನ ಮಗುವಿನ ಎದುರು ಇನ್ನಷ್ಟು ಹಿಂದೆ ಉಳಿಯುತ್ತದೆ ಎಂಬುದು. ತಿದ್ದಬೇಡಿ ಎಂದು ನಾನು ಹೇಳುತ್ತಿಲ್ಲ. ಜ್ವರಕ್ಕೆ ಕಾರಣ ತಿಳಿದ ವೈದ್ಯ ಔಷಧ ಕೊಡುವುದನ್ನು ಬಿಡುವುದಿಲ್ಲ. ತಪ್ಪು ನಿಯಮಬದ್ಧ ಎಂದು ಗೊತ್ತಾದರೆ ತಿದ್ದುವ ಕೆಲಸ ಚಿಕ್ಕದಾಗುತ್ತದೆ. ಮುಂದ, ಹಿಂದ, ಒಳಗ ಎಂಬವಕ್ಕೆ ಒಂದೇ ಸೂತ್ರ ಸಾಕು. ಬಾಯಿಪಾಠ ಬೇಕಾದದ್ದು 'ಇ'ಯಲ್ಲಿ ಮುಗಿಯುವ ನಾಮಪದಗಳಿಗೆ ಮಾತ್ರ, ಅದಕ್ಕೆ ಕೇಶಿರಾಜನಂತೆ ಪಟ್ಟಿ ಮಾಡಿ ಕೊಡಬಹುದು. 1926ರಲ್ಲಿ ವಿಲೆಮ್ ಮಥೆಸಿಯುಸ್ ಮುಂದಾಳುತನದಲ್ಲಿ ಹುಟ್ಟಿದ ಪ್ರಾಗ್ ಭಾಷಾ ಮಂಡಳಿಯವರು 1932ರ ಹೊತ್ತಿಗೆ ಇದೇ ಬಗೆಯ ಜಗಳಕ್ಕೆ ಇಳಿದಿದ್ದರು. ಶಿಷ್ಟ ಭಾಷೆ ಬೇಕು, ಆದರೆ ಅದರ ಒಪ್ಪುತಪ್ಪುಗಳನ್ನು ನಿಜವಾದ ಬಳಕೆ ನೋಡಿ ತೀರ್ಮಾನಿಸಬೇಕೇ ಹೊರತು ಶುದ್ಧಿವಾದಿಗಳ ರುಚಿಯಿಂದಲ್ಲ ಎಂಬುದು ಅವರ ನಿಲುವು. ಶಿಷ್ಟ ಭಾಷೆಯ ಗೌರವಕ್ಕೂ ಆಡುಮಾತಿನ ಅಭ್ಯಾಸಕ್ಕೂ ವೈರವಿಲ್ಲ. ನಮ್ಮಲ್ಲಿ ಬೇಂದ್ರೆಯವರ ಕಾವ್ಯದಲ್ಲಿ ಧಾರವಾಡದ ನುಡಿಗೆ ತಲೆದೂಗುತ್ತೇವೆ, ಅದೇ ನುಡಿ ಉತ್ತರಪತ್ರಿಕೆಯಲ್ಲಿ ಬಂದರೆ ಹುಬ್ಬು ಗಂಟಿಕ್ಕುತ್ತೇವೆ.

ಎರಡನೆಯ ಆಕ್ಷೇಪ ಎದುರು ದಿಕ್ಕಿನಿಂದ ಬರುತ್ತದೆ: ಹೊರೆ ಇದ್ದದ್ದೇ ನಿಜವಾದರೆ ಬರಹವನ್ನೇ ಬದಲಾಯಿಸಿ ಎಂದು. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಮಹಾಪ್ರಾಣಾಕ್ಷರಗಳ ಬಗೆಗೆ ಹೂಡಿದ ವಾದ ಈ ಜಾತಿಯದು. ಹೆಚ್ಚಿನ ಕನ್ನಡಿಗರ ಉಲಿಯಲ್ಲಿ ಇಲ್ಲದ ವ್ಯತ್ಯಾಸವನ್ನು ಬರಹದಲ್ಲಿ ಯಾಕೆ ಹೊರಬೇಕೆಂದು ಕೇಳಿ, ತಾವೇ ಹಾಗೆ ಬರೆದು ತೋರಿಸಿದವರು ಅವರು. ಆ ವಾದದ ಬಲವನ್ನು ನಾನು ಒಪ್ಪುತ್ತೇನೆ, ಆದರೆ ನಮ್ಮ 'ಎ'ಗೆ ಅದು ಹೊಂದುವುದಿಲ್ಲ. ಮಹಾಪ್ರಾಣ ಎಲ್ಲ ಸೀಮೆಗಳ ಬಹುಮಂದಿಯ ಬಾಯಲ್ಲಿ ಇಲ್ಲ, ಮನೆಯ 'ಎ' ಒಂದು ಸೀಮೆಯಲ್ಲಿದೆ, ಇನ್ನೊಂದರಲ್ಲಿಲ್ಲ. ಮನಿ ಎಂದು ಬರೆಯಲು ಹೊರಟರೆ ಹೊರೆ ಇಳಿಯುವುದಿಲ್ಲ, ಈ ಹೆಗಲಿನಿಂದ ಆ ಹೆಗಲಿಗೆ ದಾಟುತ್ತದೆ ಅಷ್ಟೆ.

ಇಂಥ ಸಂಶೋಧನೆಗೆ ಪ್ರಯೋಗಾಲಯ ಬೇಕು, ಕಣ್ಣಿನ ಚಲನೆ ಅಳೆಯುವ ಯಂತ್ರ ಬೇಕು ಎನ್ನುವವರಿಗೆ ಉತ್ತರ ಸುಲಭ. ಮೂರು ವರ್ಷದ ಮಕ್ಕಳ ತಲೆಯೊಳಗಿನ ವ್ಯಾಕರಣವನ್ನು ಆಟಿಕೆಗಳಿಂದ ತೋರಿಸಿಕೊಟ್ಟವರಿದ್ದಾರೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಒಂದಿದೆ. 'ಧಾರವಾಡದ ಕನ್ನಡ' ಎಂಬ ಒಂದು ವಸ್ತು ಇದೆಯೇ? ವಿಲಿಯಂ ಮೆಕ್ಕಾರ್ಮಾಕ್ ಧಾರವಾಡದ ಕನ್ನಡದ ಸಾಮಾಜಿಕ ಪ್ರಭೇದಗಳ ಮೇಲೆ ಬರೆದ ಲೇಖನ 1960ರಲ್ಲೇ ಅಚ್ಚಾಯಿತು, ಒಂದೇ ಊರಿನ ಮಾತು ಜಾತಿಯಿಂದ ಜಾತಿಗೆ ಬೇರೆಯಾಗುವುದನ್ನು ಅವರು ಗುರುತಿಸಿದ್ದರು. 'ಐತಿ' ಎನ್ನುವ ಮನೆಯ ಪಕ್ಕದಲ್ಲೇ 'ಅದ' ಎನ್ನುವ ಮನೆಯಿದೆ. ಉರ್ದು ಆಡುವ ಮನೆಗಳಿವೆ, ತಾಲೂಕಿನ ತಾಂಡಾಗಳಲ್ಲಿ ಲಂಬಾಣಿ ಇದೆ, ಪಡುವಣ ಅಡವಿಯಂಚಿನಲ್ಲಿ ಗೌಳಿಗರ ದಡ್ಡಿಗಳಿವೆ. ಆ ಮಕ್ಕಳಿಗೆ ಮನಿಯೂ ಕಲಿತದ್ದೇ, ಮನೆಯೂ ಕಲಿತದ್ದೇ. ಆಕ್ಷೇಪ ಸರಿ, ಆದರೆ ಅದು ನನ್ನ ವಾದವನ್ನು ಬಲಪಡಿಸುತ್ತದೆಯೇ ಹೊರತು ಕೆಡಿಸುವುದಿಲ್ಲ. ಸಾಂಗಲಿ ಜಿಲ್ಲೆಯ ಕುಪ್ವಾಡವೆಂಬ ಊರಿನ ಮೇಲೆ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಲೇಖನ ಅದಕ್ಕೆ ಸಾಕ್ಷಿ. ಅಲ್ಲಿಯ ಕನ್ನಡ, ಮರಾಠಿ, ಉರ್ದು ತಲೆಮಾರುಗಳ ಒಡನಾಟದಲ್ಲಿ ಒಂದೇ ವಾಕ್ಯರಚನೆಗೆ ಬಂದು, ಪದಕ್ಕೆ ಪದ ಇಟ್ಟರೆ ಅನುವಾದವಾಗುವಷ್ಟು ಹತ್ತಿರವಾಗಿದ್ದವು. ಒಂದು ಹಳ್ಳಿಯ ಬೆರಕೆ ಮಾತು ಜಗತ್ತಿನ ಪಾಠವಾದದ್ದು ಅದು ಬೆರಕೆಯಾದುದರಿಂದಲೇ. ಯಾವ ಮನೆಯಲ್ಲಿ ಏನನ್ನುತ್ತಾರೆಂದು ಊರಿನ ವಿದ್ಯಾರ್ಥಿಗೆ ಗೊತ್ತಿರುವಷ್ಟು ಹೊರಗಿನಿಂದ ಬಂದವನಿಗೆ ಗೊತ್ತಾಗಲು ವರ್ಷಗಳು ಹಿಡಿಯುತ್ತವೆ.

ಆದ್ದರಿಂದ ಒಂದು ಸಣ್ಣ ಕೆಲಸವನ್ನು ಈ ಸಭೆಯ ವಿದ್ಯಾರ್ಥಿಗಳ ಮುಂದಿಡುತ್ತೇನೆ. ಶುದ್ಧಲೇಖನದ ಹಾಳೆಗಳು ರದ್ದಿಗೆ ಹೋಗುವ ಮೊದಲು, ಗುರುಗಳ ಒಪ್ಪಿಗೆ ಪಡೆದು, ಮಕ್ಕಳ ಹೆಸರು ತೆಗೆದು, ತಪ್ಪುಗಳನ್ನು ಎಣಿಸಿ. ಮನೆಯನ್ನು ಮನಿ ಎಂದು ಬರೆದದ್ದು ಒಂದು ಕಡೆ, ಹುಲಿಯನ್ನು ಹುಲೆ, ಗಾಡಿಯನ್ನು ಗಾಡೆ ಎಂದದ್ದು ಇನ್ನೊಂದು ಕಡೆ. ಮೊದಲನೆಯದಷ್ಟೇ ಇದ್ದರೆ ಮಗು ಕೇಳಿದ್ದನ್ನು ಬರೆಯುತ್ತಿದೆ. ಎರಡನೆಯದೂ ಕಂಡರೆ, ಪುಸ್ತಕಕ್ಕೆ 'ಎ' ಇಷ್ಟ ಎಂಬ ಊಹೆಯೊಂದನ್ನು ಅದು ಆಗಲೇ ಕಟ್ಟಿಕೊಂಡಿದೆ. ಅದು ಹಿಂದೆ ಬಿದ್ದದ್ದಲ್ಲ, ಒಂದು ಮೆಟ್ಟಿಲು ಮೇಲೇರಿದ್ದು. ಮೂರನೆಯ ಕಡೆ, 'ಮರ' ಎಂಬುದನ್ನು ಯಾರಾದರೂ 'ಮರೆ' ಎಂದು ಬರೆದಿದ್ದಾರೆಯೇ ನೋಡಿ. ಮುಂದ-ಮುಂದೆಯನ್ನು ತಿದ್ದಿಕೊಂಡ ಮಗು ಮರವನ್ನು ಮುಟ್ಟದೆ ಬಿಟ್ಟರೆ, ಪ್ರಕೃತಿ ಬೇರೆ ಪ್ರತ್ಯಯ ಬೇರೆ ಎಂಬ ನನ್ನ ಊಹೆ ಸದ್ಯಕ್ಕೆ ನಿಲ್ಲುತ್ತದೆ. ಮುಟ್ಟಿದ್ದರೆ ಅದು ಬೀಳುತ್ತದೆ, ಬೀಳಲಿ. ಆಗ 'ಮಾಡುತ್ತಾನ' ಮತ್ತು 'ಮಾಡುತ್ತೇನಿ' ಎಂಬೆರಡರಲ್ಲಿ ಮಕ್ಕಳು ಮೊದಲು ಯಾವುದನ್ನು ತಿದ್ದಿಕೊಳ್ಳುತ್ತಾರೆಂದು ಲೆಕ್ಕ ಹಾಕಿ. ಒಂದು 'ಅ' ಹಿಡಿದು ಇನ್ನೊಂದು 'ಇ' ಹಿಡಿದದ್ದೇಕೆಂಬ ಗಂಟಿನ ತುದಿ ಬಹುಶಃ ಅಲ್ಲಿ ಸಿಗಬಹುದು.