ಕಾರಕೂನನಾಗಿದ್ದ ಪ್ರಬಂಧಕಾರ: ಚಾರ್ಲ್ಸ್ ಲ್ಯಾಂಬ್

(ಶಿಕ್ಷಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಶೇಕ್ಸ್‌ಪಿಯರನ ನಾಟಕಗಳನ್ನು ಮಕ್ಕಳಿಗಾಗಿ ಕಥಾರೂಪಕ್ಕೆ ತಂದ ಪುಸ್ತಕವನ್ನು ತಮ್ಮಲ್ಲಿ ಅನೇಕರು ಓದಿರುವಿರಿ, ಓದಿಸಿಯೂ ಇರುವಿರಿ. 1807ರಲ್ಲಿ ಅದು ಅಚ್ಚಾದಾಗ ಮುಖಪುಟದ ಮೇಲೆ ಇದ್ದುದು ಚಾರ್ಲ್ಸ್ ಲ್ಯಾಂಬನ ಹೆಸರೊಂದೇ. ಆದರೆ ಅದರೊಳಗಿನ 20 ಕಥೆಗಳಲ್ಲಿ 14ನ್ನು ಬರೆದವಳು ಆತನ ಅಕ್ಕ ಮೇರಿ. ಈ ಅಕ್ಕನನ್ನು ಬಿಟ್ಟು ಲ್ಯಾಂಬನ ಬಾಳನ್ನು ಹೇಳುವದು ಸಾಧ್ಯವಿಲ್ಲವೆಂದೇ ನಾವು ಇಲ್ಲಿಂದ ಆರಂಭಿಸಿದೆವು.

ಲ್ಯಾಂಬನು 1775ರಲ್ಲಿ ಲಂಡನ್ನಿನಲ್ಲಿ ಹುಟ್ಟಿದನು. ತಂದೆಯು ಒಬ್ಬ ವಕೀಲರ ಸೇವಕನೂ ಕಾರಕೂನನೂ ಆಗಿದ್ದನು. ಧರ್ಮಾರ್ಥವಾಗಿ ನಡೆಯುತ್ತಿದ್ದ ಶಾಲೆಯೊಂದರಲ್ಲಿ ಕವಿ ಕೋಲರಿಜ್ ಈತನ ಜೊತೆಗಾರ. ಗೆಳೆಯನು ವಿಶ್ವವಿದ್ಯಾಲಯಕ್ಕೆ ಹೋದನು. ಲ್ಯಾಂಬನಿಗಾದರೋ ಉಗ್ಗು ಅಡ್ಡಬಂದಿತು. 1792ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯನ್ನು ಸೇರಿ, 33 ವರ್ಷ ಅಲ್ಲಿಯೇ ಲೆಕ್ಕ ಬರೆದನು. ಆ ಕಂಪನಿಯನ್ನು ನಮ್ಮ ನಾಡು ಮರೆಯುವಂತಿಲ್ಲ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಅಲ್ಲಿಂದ ಒಯ್ದ ಟಿಪೂ ಸುಲ್ತಾನನ ಮರದ ಹುಲಿಯನ್ನು 1808ರಿಂದ ಜನರಿಗೆ ತೋರಿಸಹತ್ತಿದುದು ಇದೇ ಕಟ್ಟಡದಲ್ಲಿ! ಅದೇ ಸೂರಿನಡಿಯಲ್ಲಿ ನಮ್ಮ ಪ್ರಬಂಧಕಾರನು ನೀಲಿಯ ಮಾರಾಟದ ಅಂಕಿಗಳನ್ನು ಕೂಡಿಸುತ್ತ ಕುಳಿತಿದ್ದನು. ತನ್ನ ನಿಜವಾದ ಕೃತಿಗಳು ಕಚೇರಿಯ ಕಪಾಟುಗಳಲ್ಲಿರುವ ಆ ದಪ್ಪ ಪುಸ್ತಕಗಳೇ ಎಂದು ನಗುತ್ತಿದ್ದನಂತೆ.

ಆ ನಗೆಯ ಹಿಂದೆ ಏನಿದ್ದಿತು? 1795ರ ಕೊನೆಯಲ್ಲಿ ಆತನಿಗೇ ಬುದ್ಧಿಭ್ರಮೆಯಾಗಿ ಆರು ವಾರ ಆಸ್ಪತ್ರೆಯಲ್ಲಿರಬೇಕಾಯಿತು. ಮರುವರುಷ ಸೆಪ್ಟೆಂಬರ 22ರಂದು ಮನೆಯಲ್ಲಿ ಘೋರವೊಂದು ನಡೆಯಿತು. ಹಗಲು ಹೊಲಿಗೆ, ರಾತ್ರಿ ರೋಗಿಯಾದ ತಾಯಿಯ ಶುಶ್ರೂಷೆ, ಇವುಗಳಿಂದ ಬಳಲಿದ ಮೇರಿಯು ಉನ್ಮಾದದಲ್ಲಿ ಚಾಕುವೆತ್ತಿ, ಕೆಲಸ ಕಲಿಯಲು ಬಂದಿದ್ದ ಹುಡುಗಿಯನ್ನು ಬೆನ್ನಟ್ಟಿದಳು. ನಡುವೆ ಬಂದ ತಾಯಿಯು ಆ ಚಾಕುವಿಗೆ ಬಲಿಯಾದಳು. ಅಕ್ಕನ ಕೈಯಿಂದ ಅದನ್ನು ಕಸಿದುಕೊಂಡವನು 21 ವರ್ಷದ ಚಾರ್ಲ್ಸ್.

ಮೇರಿಯನ್ನು ಆಸ್ಪತ್ರೆಯಲ್ಲಿಯೇ ಬಿಡುವದು ಲೇಸೆಂಬ ಮಾತು ಮನೆಯಲ್ಲಿಯೇ ಬಂದಿತು. ತಮ್ಮನು ಒಪ್ಪಲಿಲ್ಲ, ಆಕೆಯ ಹೊಣೆ ತನ್ನದೆಂದು ಅಧಿಕಾರಿಗಳಿಗೆ ಮಾತು ಕೊಟ್ಟನು. 1799ರಲ್ಲಿ ತಂದೆಯು ತೀರಿಕೊಂಡ ಮೇಲೆ ಆಕೆಯನ್ನು ಮನೆಗೆ ಕರೆತಂದನು. ಲಗ್ನವಾಗಲಿಲ್ಲ. ರೋಗವು ಮರಳಿ ಮರಳಿ ಬರುತ್ತಿತ್ತು. ಅದರ ಮುನ್ಸೂಚನೆ ಮೇರಿಗೇ ತಿಳಿಯುತ್ತಿತ್ತು. ಆಗ ಅಕ್ಕತಮ್ಮಂದಿರು ಕೈಹಿಡಿದು, ಕಣ್ಣೀರು ಸುರಿಸುತ್ತ, ಹೊಲದ ದಾರಿಯಿಂದ ಆಸ್ಪತ್ರೆಗೆ ನಡೆದುಹೋಗುವದನ್ನು ಗೆಳೆಯನೊಬ್ಬನು ಕಂಡಿದ್ದನು. ಆಕೆಯ ಕೈಕಟ್ಟುವ ಅಂಗಿಯನ್ನೂ ತಾವೇ ಜೊತೆಗೆ ಒಯ್ಯುತ್ತಿದ್ದರಂತೆ!

ಇಂಥ ಮನೆಯಿಂದ ಹೊರಟ ಬರಹವು ಇಷ್ಟು ತಿಳಿಯಾದುದು ಹೇಗೆಂದು ನಮಗೆ ಇಂದಿಗೂ ಸೋಜಿಗ. ಕಷ್ಟವನ್ನು ಆತನು ಓದುಗರ ಮುಂದೆ ಹರವಲಿಲ್ಲ. 1820ರಿಂದ ‘ಈಲಿಯಾ’ ಎಂಬ ಹೆಸರಿನ ಮರೆಯಲ್ಲಿ ನಿಂತು ಬರೆದನು. ಆ ಪ್ರಬಂಧಗಳಲ್ಲಿ ಅಕ್ಕನು ಸೋದರಸಂಬಂಧಿ ಬ್ರಿಜೆಟ್ ಆಗಿ ಬರುವಳು. ತನ್ನ ಸೋಲನ್ನೂ ವಿನೋದಕ್ಕೇ ತಿರುಗಿಸುವನು: 1806ರಲ್ಲಿ ತನ್ನ ಪ್ರಹಸನವನ್ನು ಪ್ರೇಕ್ಷಕರು ಛೀಗುಟ್ಟಿದಾಗ, ತಾನೂ ಅವರೊಡನೆ ಸೇರಿ ಛೀಗುಟ್ಟಿದನು.

1825ರಲ್ಲಿ ಕಂಪನಿಯು ಆತನಿಗೆ ವರುಷಕ್ಕೆ 450 ಪೌಂಡು ನಿವೃತ್ತಿವೇತನ ಕೊಟ್ಟಿತು. ಅದರಲ್ಲಿ 9 ಪೌಂಡುಗಳನ್ನು, ತನ್ನ ತರುವಾಯ ಅಕ್ಕನ ಜೀವನಕ್ಕೆ ಆಧಾರವಾಗಲೆಂದು ಮುರಿಸಿದನು. ಮುಂದೆ 1834ರಲ್ಲಿ ಆತನು ತೀರಿಕೊಂಡನು. ಮೇರಿಯು 1847ರ ವರೆಗೆ ಬದುಕಿದ್ದಳು. ಎಡ್ಮಂಟನ್ನಿನಲ್ಲಿ ತಮ್ಮನ ಸಮಾಧಿಯಲ್ಲಿಯೇ ಆಕೆಯನ್ನೂ ಮಣ್ಣುಮಾಡಿದರು.