ಸಂಜೆ ಪಾಠದ ಚರಿತ್ರೆಕಾರ

ಇವತ್ತು ನಾನು ಮಾತಾಡಲಿರುವ ಚರಿತ್ರೆಕಾರರಿಗೆ ಪಿಎಚ್.ಡಿ. ಇರಲಿಲ್ಲ. ಸಭೆಯಲ್ಲಿರುವ ಸಂಶೋಧನಾ ವಿದ್ಯಾರ್ಥಿಗಳು ಈ ಸಂಗತಿಯನ್ನು ಮನೆಯಲ್ಲಿ ಹೇಳದಿದ್ದರೆ ಒಳ್ಳೆಯದು.

ಇ.ಪಿ. ಥಾಂಪ್ಸನ್ ಕೇಂಬ್ರಿಜ್‌ನಲ್ಲಿ ಬಿ.ಎ. ಮುಗಿಸಿ 1948ರಲ್ಲಿ ಲೀಡ್ಸ್ ವಿಶ್ವವಿದ್ಯಾಲಯದ ವಯಸ್ಕರ ಶಿಕ್ಷಣ ವಿಭಾಗ ಸೇರಿದರು. ಯಾರ್ಕ್‌ಷೈರ್‌ನ ಊರೂರಿಗೆ ಹೋಗುವುದು, ದುಡಿದು ದಣಿದು ಬಂದವರಿಗೆ ಸಂಜೆ ಸಾಹಿತ್ಯ, ಚರಿತ್ರೆ ಹೇಳುವುದು. ಹದಿನೇಳು ವರ್ಷ ಇದೇ ಕೆಲಸ. ಉಣ್ಣೆ ಗಿರಣಿಗಳ ಸೀಮೆ ಅದು. ಅಲ್ಲಿ ಪಾಠ ಹೇಳಲು ಹೋದ ಮೇಷ್ಟ್ರು ತಾವೂ ಬಹಳ ಕಲಿತರು.

ಪ್ರಕಾಶಕರು ಕೇಳಿದ್ದು 1832ರಿಂದ 1945ರವರೆಗಿನ ಕಾರ್ಮಿಕ ಚಳವಳಿಯ ಪಠ್ಯಪುಸ್ತಕ. ಇವರು ಬರೆಯುತ್ತ ಕೂತರೆ ಮೊದಲ ಅಧ್ಯಾಯವೇ ಎಂಟುನೂರು ಪುಟ ದಾಟಿತು. ಶುರುವಾಗಬೇಕಿದ್ದ 1832ರಲ್ಲಿ ಪುಸ್ತಕ ಮುಗಿಯಿತು! 1963ರಲ್ಲಿ ಬಂದ ‘ದಿ ಮೇಕಿಂಗ್ ಆಫ್ ದಿ ಇಂಗ್ಲಿಷ್ ವರ್ಕಿಂಗ್ ಕ್ಲಾಸ್’ ಹುಟ್ಟಿದ್ದು ಹೀಗೆ. ಅದು ತೆರೆದುಕೊಳ್ಳುವುದು 1792ರ ಲಂಡನ್ನಿನ ಒಂದು ಹೆಂಡದಂಗಡಿಯಲ್ಲಿ. ಜೋಡು ಹೊಲಿಯುವ ಥಾಮಸ್ ಹಾರ್ಡಿ ಮತ್ತು ಗೆಳೆಯರು ವಾರಕ್ಕೊಂದು ಪೆನ್ನಿ ಚಂದಾ ಹಾಕಿ ಸಂಘ ಕಟ್ಟುತ್ತಾರೆ. ಸದಸ್ಯರ ಸಂಖ್ಯೆಗೆ ಮಿತಿಯಿಲ್ಲ ಎಂಬುದೇ ಅದರ ಮೊದಲ ನಿಯಮ. ಇಷ್ಟು ಸಣ್ಣ ಸಂಗತಿಯ ಮೇಲೆ ಅಷ್ಟು ದೊಡ್ಡ ಪುಸ್ತಕ ಕಟ್ಟಿದ ಧೈರ್ಯ ನೋಡಿ. ಕಾರ್ಮಿಕ ವರ್ಗವನ್ನು ಹಬೆಯಂತ್ರ ಹಡೆಯಲಿಲ್ಲ, ಕೈಮಗ್ಗದವರು, ಕುಶಲಕರ್ಮಿಗಳು ತಮ್ಮನ್ನು ತಾವೇ ರೂಪಿಸಿಕೊಂಡರು ಎಂಬುದು ಅವರ ವಾದ. ಹೆಂಗಸರ ದುಡಿಮೆಗೆ ಅದರಲ್ಲಿ ಸಿಕ್ಕ ಜಾಗ ಕಡಿಮೆ ಎಂಬ ಆಕ್ಷೇಪ ಆಮೇಲೆ ಬಂತು, ಅದು ನ್ಯಾಯವೇ.

ನನಗೆ ಹೆಚ್ಚು ಪ್ರಿಯವಾದದ್ದು 1967ರ ಒಂದು ಲೇಖನ, ಗಡಿಯಾರದ ಬಗ್ಗೆ. ನೇಕಾರರಿಗೆ, ಜೋಡು ಹೊಲಿಯುವವರಿಗೆ ಸೋಮವಾರವೂ ರಜೆಯಂತೆಯೇ ಇತ್ತು. ಗಿರಣಿ ಬಂದ ಮೇಲೆ ಬೆಳಗ್ಗೆ ಗಡಿಯಾರದ ಮುಳ್ಳು ಮುಂದಕ್ಕೆ, ಸಂಜೆ ಹಿಂದಕ್ಕೆ! ತಿರುಗಿಸುತ್ತಿದ್ದವರು ಮಾಲೀಕರು. ಆಳುಗಳು ಗಡಿಯಾರ ಇಟ್ಟುಕೊಳ್ಳಲು ಹೆದರುತ್ತಿದ್ದರು. ಹೊತ್ತು ತಿಳಿದವನ ಕೆಲಸ ಹೋಗುತ್ತಿತ್ತು.

1965ರಲ್ಲಿ ವಾರ್ವಿಕ್ ವಿಶ್ವವಿದ್ಯಾಲಯ ಅವರನ್ನು ಕರೆಯಿತು. ಅಲ್ಲಿ ಸಾಮಾಜಿಕ ಚರಿತ್ರೆಯ ಕೇಂದ್ರ ಕಟ್ಟಿದರು. ವಿಶ್ವವಿದ್ಯಾಲಯ ಉದ್ಯಮಿಗಳಿಗೆ ಹತ್ತಿರವಾಗುತ್ತಿದೆ ಎಂದು ಜಗಳ ತೆಗೆದು, 1970ರಲ್ಲಿ ಅದರ ಮೇಲೆಯೇ ಪುಸ್ತಕ ಸಂಪಾದಿಸಿ, ಮರುವರ್ಷ ರಾಜೀನಾಮೆ ಕೊಟ್ಟು ಹೊರನಡೆದರು.

ಭಾರತದ ನಂಟು ಅವರಿಗೆ ತಂದೆಯಿಂದ ಬಂದದ್ದು. ತಂದೆ ಎಡ್ವರ್ಡ್ ಥಾಂಪ್ಸನ್ ಬಂಗಾಳದ ಬಾಂಕುರಾದಲ್ಲಿ ಮಿಷನರಿಯಾಗಿದ್ದವರು, ಟ್ಯಾಗೋರರ ಬಗ್ಗೆ ಬರೆದವರು. ಮಗ 1976ರ ಡಿಸೆಂಬರಿನಲ್ಲಿ ನಮ್ಮ ನೆರೆಯ ಕಲ್ಲಿಕೋಟೆಗೇ ಬಂದು, ಭಾರತೀಯ ಇತಿಹಾಸ ಕಾಂಗ್ರೆಸ್ಸಿನಲ್ಲಿ ಮಾತಾಡಿದರು. ಎತ್ತಿಕೊಂಡ ವಿಷಯ ಜಾನಪದ.